ಐಸ್ ಪ್ಲಾಂಟ್ ಬಿಟ್ಟು ಕೋರ್ಟಿಗೆ ಹೋದದ್ದು

ವಕೀಲರಿಗೆ ನಿವೃತ್ತಿಯ ವಯಸ್ಸು ಅಂತ ಇಲ್ಲ. ಹಾರ ಹಾಕಿ ಬೀಳ್ಕೊಡುವವರೂ ಇಲ್ಲ. ಒಂದು ದಿನ ನಾವೇ ಗೌನು ಮಡಚಿಡಬೇಕು. ನನ್ನ ಮಟ್ಟಿಗೆ ಅದನ್ನು ತೀರ್ಮಾನಿಸಿದ್ದು ನನ್ನ ಕಿವಿ. ಸಾಕ್ಷಿ ಹೇಳಿದ್ದು ಸರಿಯಾಗಿ ಕೇಳದೆ ಮತ್ತೊಮ್ಮೆ ಹೇಳಿಸುವುದು ಅಭ್ಯಾಸವಾಗಿತ್ತು, ಹೇಗೋ ಸಂಭಾಳಿಸುತ್ತಿದ್ದೆ. ನ್ಯಾಯಾಧೀಶರ ಮಾತೂ ತಪ್ಪಿಹೋಗತೊಡಗಿದಾಗ ಇನ್ನು ಸಾಕು ಅನ್ನಿಸಿತು. ಕುಂದಾಪುರದ ಆಫೀಸನ್ನು ನನ್ನ ಜೂನಿಯರ್ ಆಗಿದ್ದ ಹುಡುಗಿಗೆ ಒಪ್ಪಿಸಿ ನಾವುಂದದ ಮನೆಗೆ ಬಂದು ಕೂತೆ.

ಈಗ ನನ್ನ ಮನೆಗೆ ಬರುವವರು ಹೆಚ್ಚಾಗಿ ಡಿಗ್ರಿ ಮುಗಿಸಿದ ಮಕ್ಕಳು. ಅವರ ಅಪ್ಪನಿಗೋ ಮಾವನಿಗೋ ಒಂದು ವ್ಯಾಪಾರ ಇರುತ್ತದೆ. ಕೋಟೇಶ್ವರದಲ್ಲಿ ಅಂಗಡಿ, ಮುಂಬೈಯಲ್ಲಿ ಹೋಟೆಲು, ಇಲ್ಲದಿದ್ದರೆ ಮೀನಿನ ಲಾರಿ. ಕೂತ ಕೂಡಲೇ ಕೇಳುತ್ತಾರೆ: "ಮೇಡಂ, ಲಾ ಮಾಡುದಾ, ಬಿಸಿನೆಸ್ಸಿಗೆ ಇಳಿಯುದಾ?" ಒಂದೇ ಮಾತಿನ ಉತ್ತರ ಅವರಿಗೆ ಬೇಕು. ಅದು ನನ್ನ ಹತ್ತಿರ ಇಲ್ಲ. ನನಗೆ ಏನಾಯಿತು ಎಂಬುದು ಮಾತ್ರ ಇದೆ. ಅದನ್ನು ಒಬ್ಬೊಬ್ಬರಿಗೆ ಹೇಳುತ್ತಾ ಕೂರುವ ಬದಲು ಬರೆದೇ ಇಡೋಣ ಎಂದು ಇದು.

ನನ್ನ ಅಪ್ಪಯ್ಯನ ಹೆಸರು ಶೀನ. ಊರಿನ ಬಾಯಲ್ಲಿ ಐಸ್ ಶೀನಣ್ಣ. ದೋಣಿಗೆ ಹೋಗಿ, ಮೀನು ಹೊತ್ತು, ಮೀನು ಮಾರಿ, ಕೊನೆಗೆ ನಾವುಂದದ ಕಡಲ ಬದಿಗೆ ಒಂದು ಐಸ್ ಪ್ಲಾಂಟ್ ಹಾಕಿದವರು. ದೋಣಿಯವರು ಐಸ್ ಒಯ್ಯುತ್ತಿದ್ದರು, ಬರುವಾಗ ಮೀನನ್ನು ಅಪ್ಪಯ್ಯನಿಗೇ ಹಾಕುತ್ತಿದ್ದರು. ಪ್ಲಾಂಟಿನ ಪಡುಬದಿಗೆ, ಕಡಲಿನವರೆಗೆ, ಅವರದೇ ಹೊಯ್ಗೆ ಜಾಗ, ಅಂದರೆ ಮರಳು. ಅಲ್ಲಿ ಕೇರಿಯ ಹೆಂಗಸರು ಮೀನು ಒಣಗಿಸುತ್ತಿದ್ದರು. ಒಣಗಿಸಬಹುದೇ ಎಂದು ಅವರು ಕೇಳಿದ್ದಿಲ್ಲ, ಒಣಗಿಸಬಾರದು ಎಂದು ಅಪ್ಪಯ್ಯ ಹೇಳಿದ್ದೂ ಇಲ್ಲ.

ನಾನು ಬಿ.ಕಾಂ. ಮುಗಿಸಿದಾಗ ಊರಿನವರು ನನಗೆ ಗಂಡು ಹುಡುಕುವ ಮಾತಾಡಿದರು. ಅಪ್ಪಯ್ಯನ ಆಲೋಚನೆ ಬೇರೆ ಇತ್ತು.

"ಮದಿ ಎಲ್ಲಿಗ್ ಓಡಿ ಹೋತ್? ಒಂದ್ ಸೀಸನ್ ಪ್ಲಾಂಟಿಗೆ ಬಾ. ವ್ಯಾಪಾರ ನಿನ್ ತಲೆಯಂಗೆ ಇತ್ತ್, ನಂಗೆ ಗೊತ್ತಿತ್ತ್" ಅಂದರು.

ಹೋದೆ. ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ನನಗೆ ಆ ಕೆಲಸ ಬಹಳ ಇಷ್ಟವಾಯಿತು. ವ್ಯಾಪಾರ ಹೊಲಸು, ವಕಾಲತ್ತು ಪವಿತ್ರ ಎಂದುಕೊಂಡು ಈ ಕಡೆ ಬಂದವಳು ನಾನಲ್ಲ. ಬೆಳಿಗ್ಗೆ ದೋಣಿ ದಡ ಮುಟ್ಟುವಾಗ ಎಲ್ಲರಿಗಿಂತ ಮೊದಲು ನೀರಂಚಿಗೆ ಹೋಗಿ ನಿಲ್ಲುತ್ತಿದ್ದೆ. ಬುಟ್ಟಿ ಇಳಿಸುವ ರೀತಿ ನೋಡಿಯೇ ಯಾರ ಬಲೆ ತುಂಬಿದೆ, ಯಾರು ಸುಮ್ಮನೆ ನಗುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ಮೀನು ವಿಂಗಡಿಸಲು ಬರುತ್ತಿದ್ದ ಮುತ್ತಕ್ಕ, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳುತ್ತಿದ್ದಳು: "ಹೆಣೆ, ದಲ್ಲಾಳಿ ಮುಖ ಕಾಣ್ಬೇಡ, ಅವ್ನ್ ಕಾಲ್ ಕಾಣ್. ಮಾಲ್ ಬೇಕಂತ ಇದ್ರೆ ಕಾಲ್ ಆಚೀಚೆ ಆತಿಲ್ಲೆ." ಕೇರಳದ ಲಾರಿಯವನೊಬ್ಬ ಬಂಗುಡೆಗೆ ಬೆಲೆ ಇಳಿಸಲು ನೋಡಿದಾಗ, ನಾನು ಮಾಲನ್ನು ಬುಟ್ಟಿಗೆ ವಾಪಸು ತುಂಬಿಸಲು ಹೇಳಿ ಬೆನ್ನು ಹಾಕಿ ನಡೆದೆ. ಅವನು ಹಿಂದಿನಿಂದ ಕರೆದ. ಆ ದಿನ ಅಪ್ಪಯ್ಯ ಊಟಕ್ಕೆ ಕೂತವರು ಅಮ್ಮನಿಗೆ ಆ ಕತೆಯನ್ನು ಮತ್ತೆ ಮತ್ತೆ ಹೇಳಿದರು.

ಹಾಗಿದ್ದರೆ ಬಿಟ್ಟದ್ದು ಯಾಕೆ?

ಆ ಸೀಸನ್ನಿನ ಕೊನೆಗೆ ಭಾವ ಮೈದುನರಿಬ್ಬರ ದೋಣಿಯ ಜಗಳ ಅಪ್ಪಯ್ಯನ ಮುಂದೆ ಬಂತು. ಇಬ್ಬರಿಗೂ ಸೇರಿದ ದೋಣಿ, ಇನ್ನು ಒಟ್ಟಿಗೆ ಹೋಗಲಾಗುವುದಿಲ್ಲ ಎಂದರು. ಅಪ್ಪಯ್ಯ ಇಬ್ಬರನ್ನೂ ಕೂರಿಸಿ ಚಾ ತರಿಸಿದರು, ಒಂದಷ್ಟು ಬೈದರು, ಒಂದಷ್ಟು ನಗಿಸಿದರು. ಚಾ ತಣಿಯುವ ಮೊದಲೇ ತೀರ್ಮಾನ ಆಯಿತು. ದೋಣಿ ಭಾವನಿಗೆ. ಮೈದುನ ರಾಮಣ್ಣನಿಗೆ ಬದಲಿಗೆ ಬಲೆ ಮತ್ತು ಒಂದಿಷ್ಟು ಪರಿಹಾರ. ಎಲ್ಲರೂ ಒಪ್ಪಿದರು. ರಾಮಣ್ಣ ಮಾತ್ರ ಚಾ ಕುಡಿಯದೆ ಎದ್ದು ಹೋದ.

"ಅಪ್ಪಯ್ಯ, ರಾಮಣ್ಣನ್ ಮಾತ್ ಯಾರೂ ಕೇಂಡೇ ಇಲ್ಲೆ ಅಲ್ದಾ?" ಅಂದೆ.

"ಕೇಂಡ್ರೆ ಜಗಳ ಮುಗೀತಿತ್ತಾ? ನಾಳೆ ದೋಣಿ ನಮ್ ಐಸ್ ತಕಂಡ್ ಹೋಯ್ಕ್. ಅಷ್ಟಾರೆ ಸಾಕ್."

ಅಪ್ಪಯ್ಯ ಮಾಡಿದ್ದು ಅನ್ಯಾಯ ಎಂದು ಇವತ್ತಿಗೂ ನಾನು ಹೇಳುವುದಿಲ್ಲ. ಆದರೆ ದೋಣಿ ಸಿಕ್ಕ ಭಾವನಿಗೆ ಬೇರೆ ದೋಣಿಗಳೂ ಇದ್ದವು, ಅವನು ನಮ್ಮ ದೊಡ್ಡ ಗಿರಾಕಿ ಎಂಬುದು ನನಗೆ ಗೊತ್ತಿತ್ತು, ಅಪ್ಪಯ್ಯನಿಗೂ ಗೊತ್ತಿತ್ತು. ದೋಣಿ ಹೋದ ಮೇಲೆ ಯಾರ ಗಿರಾಕಿಯೂ ಅಲ್ಲದ ರಾಮಣ್ಣನ ಮಾತನ್ನು ಕೇಳುವುದೇ ಕೆಲಸವಾಗಿರುವ ಒಂದು ಜಾಗ ಎಲ್ಲೋ ಇರಬೇಕು ಎಂದು ನನಗೆ ಆಗ ಅನ್ನಿಸಿತು. ಇಪ್ಪತ್ತೊಂದರ ವಯಸ್ಸಿಗೆ ಅನ್ನಿಸುವಂಥದ್ದೇ. ಮಳೆಗಾಲಕ್ಕೆ ದೋಣಿಗಳು ದಡ ಹತ್ತಿದಾಗ ಉಡುಪಿಗೆ ಹೋಗಿ ಲಾ ಕಾಲೇಜಿಗೆ ಸೇರಿದೆ.

ಅಪ್ಪಯ್ಯ ತಡೆಯಲಿಲ್ಲ. "ಇಲ್ಲಿ ಮೊದ್ಲ್ ದಿನವೇ ನೀ ಯಜಮಾನ್ತಿ. ಅಲ್ಲಿ ತಲಿ ಹಣ್ಣಾಪುವರೆಗೂ ಇನ್ನೊಬ್ರ್ ಬಾಗ್ಲಂಗೆ ನಿಂತ್ಕಣ್ಕ್" ಎಂದಷ್ಟೇ ಹೇಳಿದರು.

ಅವರ ಮಾತು ಪೂರ್ತಿ ಸುಳ್ಳಾಗಲಿಲ್ಲ. ಕುಂದಾಪುರದಲ್ಲಿ ಐತಾಳರೆಂಬ ಹಿರಿಯ ವಕೀಲರ ಬಳಿ ಜೂನಿಯರ್ ಆಗಿ ಸೇರಿದಾಗ ಮೊದಲ ವರ್ಷವಿಡೀ ನನಗಿದ್ದ ಕೆಲಸ ಕೂತು ಕೇಳುವುದು. ಐತಾಳರು ಒಳ್ಳೆಯವರು, ಆದರೆ ಪಾಠ ಹೇಳಿಕೊಡುವ ಪೈಕಿಯವರಲ್ಲ. ನಾನು ಬರೆದ ದಾವೆಯ ಕರಡನ್ನು ಓದಿ, ಏನೂ ಹೇಳದೆ, ಹಾಳೆಯನ್ನು ಮಗುಚಿಡುತ್ತಿದ್ದರು. ಅದರ ಅರ್ಥ ಮತ್ತೆ ಬರೆ ಅಂತ. ಎಲ್ಲಿ ತಪ್ಪಿದೆ ಎಂದು ಕೇಳಿದರೆ, "ಅದು ಗೊತ್ತಾಗಬೇಕಂತಲೇ ಮತ್ತೆ ಬರೆಯುವುದು" ಎನ್ನುತ್ತಿದ್ದರು.

ಕಕ್ಷಿದಾರರ ಕತೆಯನ್ನು ಪೂರ್ತಿ ಕೇಳಬೇಕೆಂದು ಬಂದವಳಿಗೆ ಅವರಿಂದ ಬಿದ್ದ ಮೊದಲ ಪೆಟ್ಟು ಹೀಗಿತ್ತು. ಆಸ್ತಿ ಪಾಲಿಗೆ ಬಂದಿದ್ದ ಹೆಂಗಸೊಬ್ಬಳು ಅತ್ತಿಗೆಯ ಮೇಲಿನ ಸಿಟ್ಟನ್ನೆಲ್ಲ ಹೇಳಿಕೊಳ್ಳುತ್ತಿದ್ದಳು, ನಾನು ಮನಸ್ಸಿಟ್ಟು ಕೇಳುತ್ತಿದ್ದೆ. ಐತಾಳರು ನಡುವೆ ಬಾಯಿ ಹಾಕಿ, "ಪಹಣಿ ತಂದಿದ್ದೀರಾ?" ಎಂದರು. ಅವಳು ಹೋದ ಮೇಲೆ ನನಗೆ ಹೇಳಿದರು, "ಜಲಜ, ಕೋರ್ಟು ಕೇಳುವುದು ಎರಡು ಮೂರು ಪ್ರಶ್ನೆ. ಉಳಿದದ್ದು ಅವರ ಮನೆಯ ಮಾತು. ಅದನ್ನು ಕೇಳುವುದು ಬೇಡ ಅನ್ನುವುದಿಲ್ಲ, ಆದರೆ ಅದನ್ನು ತೀರ್ಮಾನಿಸುತ್ತೇವೆ ಎಂಬ ಆಸೆ ಹುಟ್ಟಿಸಬೇಡ." ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ, ಐಸ್ ಪ್ಲಾಂಟಿನಿಂದ ನಾನು ಓಡಿ ಬಂದದ್ದು ಎಲ್ಲಿಗೆ ಎಂದು ಯೋಚಿಸಿದ್ದು ಉಂಟು.

ನನಗೆ ವಕೀಲಿ ಹಿಡಿಸಿದ್ದು ಬಿಜೂರಿನ ಒಂದು ದಾರಿ ಕೇಸಿನಲ್ಲಿ.

ತೆಂಗಿನ ತೋಟಕ್ಕೆ ಹೋಗುವ ಕಾಲುದಾರಿ. ನೆರೆಯವರು ಬೇಲಿ ಹಾಕಿ ಮುಚ್ಚಲು ಹೊರಟಿದ್ದರು. ಅಲ್ಲಿ ದಾರಿಯೇ ಇಲ್ಲ, ಹಿಂದೆಂದೋ ಇದ್ದದ್ದು ಯಾವಾಗಲೋ ನಿಂತುಹೋಗಿದೆ ಎಂಬುದು ಅವರ ವಾದ. ನಮ್ಮ ಕಡೆಯ ಮುಖ್ಯ ಸಾಕ್ಷಿ ಗಿರಿಜಮ್ಮ ಎಂಬ ಮುದುಕಿ. ಆ ದಿನ ಐತಾಳರಿಗೆ ಇನ್ನೊಂದು ಕೋರ್ಟಿನಲ್ಲಿ ವಾದ. ಅವಳ ಮುಖ್ಯ ವಿಚಾರಣೆಯಷ್ಟನ್ನು ಮುಗಿಸಿ, ಉಳಿದದ್ದನ್ನು ನೋಡಿಕೋ ಎಂದು ನನ್ನನ್ನು ಬಿಟ್ಟು ಹೋದರು. ಎದುರು ವಕೀಲರು ಪಾಟೀಸವಾಲು ಮಾಡುತ್ತಿದ್ದರು. ನ್ಯಾಯಾಧೀಶರು ಬಡಗಣ ಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ಸಜ್ಜನರು, ಯಾರ ಮೇಲೂ ದನಿ ಎತ್ತದವರು.

"ನೀವು ಹೇಳುವ ಜಾಗದಲ್ಲಿ ದಾರಿ ಇಲ್ಲ ಅಲ್ಲವೇ?" ಎಂದು ವಕೀಲರು ಕೇಳಿದರು.

"ಎಂತಕಿಲ್ಲೆ? ದಾರಿ ಇತ್ತ್" ಎಂದಳು ಗಿರಿಜಮ್ಮ.

ನ್ಯಾಯಾಧೀಶರು ತಲೆಯಾಡಿಸಿ, ಅಲ್ಲಿ ದಾರಿ ಇತ್ತು ಎಂದು ಇಂಗ್ಲಿಷಿನ ಭೂತಕಾಲದಲ್ಲಿ ಬರೆಸಿದರು. ನಮ್ಮ ಕಡೆ ಇತ್ತ್ ಎಂದರೆ ಇದೆ ಎಂದು ಅರ್ಥ. ಹಿಂದಿನದಾದರೆ ಇದ್ದಿತ್ ಅನ್ನುತ್ತೇವೆ. ಅವರ ಊರಿನಲ್ಲಿ ಇತ್ತು ಎಂದರೆ ಈಗ ಇಲ್ಲ. ಮುದುಕಿ ಇದೆ ಎಂದದ್ದು ಕಾಗದದ ಮೇಲೆ ಇಲ್ಲ ಎಂದಾಗಿತ್ತು. ಎದುರು ವಕೀಲರು ನಮ್ಮ ಊರಿನವರೇ. ಅವರು ಕೂಡಲೇ "ನನ್ನ ಪ್ರಶ್ನೆ ಮುಗಿಯಿತು" ಎಂದು ಕೂತರು. ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಿದಾಗ ದಾರಿ ಇತ್ತು ಎಂಬುದು ಗಿರಿಜಮ್ಮನಿಗೆ ಸರಿಯಾಗಿಯೇ ಕೇಳಿಸಿತು. ಹೌದೌದು ಎಂದು ಹೆಬ್ಬೆಟ್ಟು ಒತ್ತಲು ಕೈ ಚಾಚಿದಳು.

ನಾನು ಅದುವರೆಗೆ ಕೋರ್ಟಿನಲ್ಲಿ ದಿನಾಂಕ ಕೇಳುವುದು ಬಿಟ್ಟು ಬೇರೆ ಮಾತಾಡಿದವಳಲ್ಲ. ಎದ್ದು ನಿಂತೆ.

"ಸ್ವಾಮಿ, ಸಾಕ್ಷಿ ಹೇಳಿದ್ದು ದಾರಿ ಈಗಲೂ ಇದೆ ಎಂದು."

ಎದುರು ವಕೀಲರು ಸಿಡಿದೆದ್ದರು. ಜೂನಿಯರು ಸಾಕ್ಷಿಗೆ ಹೇಳಿಕೊಡುತ್ತಿದ್ದಾರೆ ಎಂದರು. ನ್ಯಾಯಾಧೀಶರು ಇಬ್ಬರನ್ನೂ ಸುಮ್ಮನಿರಿಸಿ ಪೆನ್ನು ಕೆಳಗಿಟ್ಟು ಮುದುಕಿಯ ಕಡೆ ತಿರುಗಿದರು.

"ಅಮ್ಮಾ, ಇವತ್ತು ಬೆಳಿಗ್ಗೆ ಮನೆಯಿಂದ ಹೇಗೆ ಬಂದಿರಿ?"

"ಅದೇ ದಾರಿಯಂಗೆ! ಮತ್ತೆ ಎಲ್ಲಿಂದ ಬಪ್ಪುದ್? ಆಗಳಿಂದ ಹೇಳ್ತಾ ಇದ್ದೆ ಅಲ್ದಾ, ದಾರಿ ಇತ್ತ್ ಇತ್ತ್ ಅಂದೇಳಿ! ಈ ಸ್ವಾಮಿಗೆ ಕನ್ನಡ ಬತ್ತಿಲ್ಯಾ?"

ಕೋರ್ಟು ಹಾಲ್ ಇಡೀ ನಕ್ಕಿತು. ನ್ಯಾಯಾಧೀಶರೂ ನಕ್ಕರು. ಹೇಳಿಕೆ ತಿದ್ದಿಸಿ, ನನ್ನ ಕಡೆ ನೋಡಿ, "ಇನ್ನು ಈ ಶಬ್ದ ಬಂದಾಗಲೆಲ್ಲ ನನಗೆ ನೆನಪಿಸಿ" ಎಂದರು. ದಾರಿ ಉಳಿಯಿತು. ಐತಾಳರಿಗೆ ಸುದ್ದಿ ಮುಟ್ಟಿ, ಸಂಜೆ ಆಫೀಸಿಗೆ ಬಂದಾಗ ಮೇಜಿನ ಮೇಲಿದ್ದ ನನ್ನ ಕರಡನ್ನು ಓದಿದರು. ಮಗುಚಿಡಲಿಲ್ಲ. ಅಷ್ಟೇ ಅವರ ಶಾಭಾಸು.

ಯಾರೂ ಗಮನಿಸದೆ ಹೋಗಬಹುದಾಗಿದ್ದ ಒಂದು ಮಾತು ಅದರ ಸರಿಯಾದ ಅರ್ಥದಲ್ಲಿ ಉಳಿದದ್ದು ನನಗೆ ಸಣ್ಣ ಸಂಗತಿ ಅನ್ನಿಸಲಿಲ್ಲ. ಇದಕ್ಕಾದರೆ ಒಂದು ಆಯುಷ್ಯ ಕೊಡಬಹುದು ಅಂದುಕೊಂಡೆ.

ಗೆದ್ದ ಕೇಸುಗಳೆಲ್ಲ ಹೀಗೆ ಸಮಾಧಾನ ಕೊಟ್ಟವು ಎಂದುಕೊಳ್ಳಬೇಡಿ. ಸ್ವಂತ ಆಫೀಸು ಮಾಡಿದ ಮೇಲೆ ಬ್ರಹ್ಮಾವರದ ಒಬ್ಬ ಅಂಗಡಿಯವರು ನನ್ನ ಕಕ್ಷಿದಾರರಾದರು. ಹೆದ್ದಾರಿಯ ಬದಿಗೆ ಅಣ್ಣ ತಮ್ಮಂದಿರ ಕಬ್ಬಿಣ ಸಾಮಾನಿನ ಅಂಗಡಿ. ಅಣ್ಣನ ಹೆಸರಲ್ಲಿ ಕಟ್ಟಡ, ಪಾಲುದಾರಿಕೆ ಪತ್ರವೂ ಅಣ್ಣನ ಕಡೆಗೇ ವಾಲಿತ್ತು. ತಮ್ಮ ಬರೀ ಗಲ್ಲೆಯ ಮುಂದೆ ನಿಂತು ವ್ಯಾಪಾರ ಮಾಡಿದವನು. ಉಡುಪಿಯ ಕೋರ್ಟಿಗೆ ವರ್ಷಗಟ್ಟಲೆ ಅಲೆದು ಅಣ್ಣನಿಗೆ ಅಂಗಡಿ, ಹೆಸರು, ದಾಸ್ತಾನು ಎಲ್ಲ ಗೆದ್ದುಕೊಟ್ಟೆ. ಅವರು ಸಿಹಿ ತಂದು ಆಫೀಸಿಗೆಲ್ಲ ಹಂಚಿದರು.

ಕೆಲವು ತಿಂಗಳಲ್ಲಿ ಮತ್ತೆ ಬಂದರು. ಮುಖ ಸಣ್ಣದಾಗಿತ್ತು.

"ಮೇಡಂ, ತಮ್ಮ ರಸ್ತೆಯ ಆಚೆ ಬದಿಗೆ ಒಂದು ಸಣ್ಣ ಅಂಗಡಿ ಹಾಕಿದ್ದಾನೆ. ಎಲ್ಲರೂ ಅಲ್ಲಿಗೇ ಹೋಗ್ತಾರೆ. ಒಂದು ತಡೆಯಾಜ್ಞೆ ತರಬಹುದಾ?"

"ಅವರು ತಮ್ಮದೇ ಹೆಸರಲ್ಲಿ ವ್ಯಾಪಾರ ಮಾಡುವುದಕ್ಕೆ ತಡೆ ಇಲ್ಲ."

"ಗಿರಾಕಿಗಳು ನಮ್ಮವರು."

"ಗಿರಾಕಿಗಳನ್ನು ನಾವು ದಾವೆಯಲ್ಲಿ ಕೇಳಿರಲಿಲ್ಲ" ಎಂದೆ. ವ್ಯಂಗ್ಯವಾಗಿ ಹೇಳಿದ್ದಲ್ಲ. ಬೇರೆ ಉತ್ತರ ಇರಲಿಲ್ಲ.

ಮನೆಯಲ್ಲಿ ಅಪ್ಪಯ್ಯನಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. "ಅಂಗಡಿ ಅಂದ್ರೆ ಆ ತಮ್ಮನೇ ಮಾರಾಯ್ತಿ. ನಿಮ್ ಕೋರ್ಟಿಗೆ ಗೋಡೆ ಕಾಣ್ತ್, ಗಲ್ಲೆ ಕಾಣ್ತ್, ಜನ ಕಾಂಬುದಿಲ್ಲೆ" ಎಂದರು. ಅಲ್ಲಿಂದ ಮುಂದೆ ವ್ಯಾಪಾರದ ಜಗಳ ಬಂದರೆ, ಕಾಗದ ಬಿಚ್ಚುವ ಮೊದಲು ಒಂದು ದಿನ ಆ ಅಂಗಡಿಗೆ ಹೋಗಿ ಗಿರಾಕಿಯಂತೆ ನಿಲ್ಲುವ ರೂಢಿ ಮಾಡಿಕೊಂಡೆ. ಎಷ್ಟೋ ಕೇಸುಗಳನ್ನು ದಾಖಲಿಸುವ ಮೊದಲೇ ಕೂರಿಸಿ ಮಾತಾಡಿಸಿದ್ದು ಆ ಅಭ್ಯಾಸದಿಂದ.

ಕೆಲಸದ ರೀತಿಯೂ ಈ ನಡುವೆ ಬಹಳ ಬದಲಾಯಿತು. ನಾನು ಸೇರಿದಾಗ ಟೈಪ್‌ರೈಟರಿನ ಸದ್ದಿಲ್ಲದ ವಕೀಲರ ಆಫೀಸು ಇರಲಿಲ್ಲ. ಒಂದು ಅಕ್ಷರ ತಪ್ಪಿದರೆ ಇಡೀ ಪುಟ ಮತ್ತೆ, ಹಾಗಾಗಿ ಬರೆಯುವ ಮೊದಲು ಯೋಚಿಸುತ್ತಿದ್ದೆವು. ಈಗ ಬರೆದ ಮೇಲೆ ಯೋಚಿಸುತ್ತಾರೆ, ಯೋಚಿಸದೆಯೂ ಕಳಿಸುತ್ತಾರೆ. ಆದರೆ ಹಿಂದಿನದೇ ಚಂದ ಎನ್ನಲಾರೆ. ಬೈಂದೂರಿನ ಮೂಲೆಯಿಂದ ಬಸ್ಸು ಹಿಡಿದು ಬಂದ ಮುದುಕರು ಬರೀ ಮುಂದಿನ ದಿನಾಂಕ ಕೇಳಿಕೊಂಡು ವಾಪಸು ಹೋಗುತ್ತಿದ್ದ ಕಾಲ ಅದು. ಈಗ ಅದು ಮೊಬೈಲಿಗೇ ಬರುತ್ತದೆ. ಬೈಂದೂರು, ಬ್ರಹ್ಮಾವರ ಎರಡೂ ತಾಲೂಕಾಗಿ ಜನರ ಓಡಾಟವೂ ಕಡಿಮೆಯಾಗಿದೆ. ಮಧ್ಯಸ್ಥಿಕೆ ಎಂದು ಕೋರ್ಟೇ ಪ್ರತ್ಯೇಕ ಕೋಣೆ ಮಾಡಿ ಕೂರಿಸುತ್ತದೆ. ಅಪ್ಪಯ್ಯ ಚಾ ತರಿಸಿ ಮಾಡುತ್ತಿದ್ದುದನ್ನು ಈಗ ತರಬೇತಿ ಕೊಟ್ಟು ಕಲಿಸುತ್ತಾರೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಮಧ್ಯಸ್ಥಗಾರರು ಐಸ್ ಮಾರುವುದಿಲ್ಲ.

ಇನ್ನು ನನ್ನ ಮನೆಯ ಕೇಸು.

ದೊಡ್ಡ ಬಂದರುಗಳಿಗೆ ದೋಣಿಗಳು ಹೋಗತೊಡಗಿದ ಮೇಲೆ ನಮ್ಮ ಐಸ್ ಪ್ಲಾಂಟ್ ನಿಧಾನಕ್ಕೆ ಸೊರಗಿತು. ಅಪ್ಪಯ್ಯನಿಗೂ ವಯಸ್ಸಾಯಿತು. ಒಂದು ಭಾನುವಾರ ಅವರು, "ಹೊರಗಿನವ್ರ್ ಒಬ್ರ್ ಬಂದಿದ್ರ್. ಪ್ಲಾಂಟು, ಹೊಯ್ಗೆ ಜಾಗ ಎಲ್ಲ ಸೇರ್ಸಿ ತಕಂತ್ರ್ ಅಂಬ್ರ್. ರೆಸಾರ್ಟ್ ಮಾಡ್ತ್ರ್ ಗಡ. ಕಾಗ್ದ ನೀ ಬರೀ" ಎಂದರು. ನಾನು ನೋಡೋಣ ಎಂದೆ.

ಸೋಮವಾರ ಆಫೀಸು ತೆರೆಯುವಾಗ ಜಗಲಿಯಲ್ಲಿ ಹೆಂಗಸರು ಕೂತಿದ್ದರು, ಮುಂದೆ ಮುತ್ತಕ್ಕ. ತಲೆ ಬೆಳ್ಳಗಾಗಿತ್ತು, ದನಿ ಹಾಗೆಯೇ ಇತ್ತು.

"ಜಲಜ, ನಿನ್ ಅಪ್ಪಯ್ಯ ಹೊಯ್ಗೆ ಮಾರ್ತ್ರ್ ಅಂಬ್ರಲೆ. ನಾವ್ ಮೀನ್ ಎಲ್ಲಿ ಒಣ್ಗ್ಸುದ್? ಅತ್ತೆ ಕಾಲ್ದಿಂದ ಅಲ್ಲೇ ಮಾಡ್ತಾ ಬಂದದ್. ಒಂದ್ ಕೇಸ್ ಹಾಕ್. ನೀ ನಮ್ ಹೆಣ್ ಅಲ್ದಾ?"

ನಾನು ಅವರ ಮಾತನ್ನು ಕೊನೆಯವರೆಗೂ ಕೇಳಿದೆ. ಆಮೇಲೆ ಹೇಳಿದೆ, "ಮುತ್ತಕ್ಕ, ನಾನು ಅವರ ಮಗಳು. ಆ ಜಾಗ ನಾಳೆ ನನಗೂ ಬರುವಂಥದ್ದು. ನಾನು ನಿಮ್ಮ ಪರ ನಿಲ್ಲುವುದು ಸರಿಯಲ್ಲ. ನಿಮ್ಮ ಮಾತು ಕೇಳಿದ ಮೇಲೆ ಅವರ ಪರವೂ ನಿಲ್ಲುವುದಿಲ್ಲ. ಬೇರೆ ವಕೀಲರ ಹತ್ತಿರ ಕರೆದುಕೊಂಡು ಹೋಗುತ್ತೇನೆ."

ಮುತ್ತಕ್ಕ ಎದ್ದಳು. "ಅಂದ್ರೆ ಯಾರ್ ಬದಿಗೂ ಇಲ್ಲೆ. ಒಳ್ಳೇದ್ ಓದ್ದೆ ಬಿಡ್" ಎಂದಳು.

ಅವರನ್ನು ನಂಬಿಕಸ್ಥ ಸಹೋದ್ಯೋಗಿಯೊಬ್ಬರ ಆಫೀಸಿಗೆ ಬಿಟ್ಟು ಬಂದೆ. ಸಂಜೆ ಅಪ್ಪಯ್ಯನಿಗೆ, ಕಾಗದ ನಾನು ಬರೆಯುವುದಿಲ್ಲ, ಹೆಂಗಸರು ಕೋರ್ಟಿಗೆ ಹೋಗುವುದು ಖಂಡಿತ, ಅವರನ್ನು ವಕೀಲರ ಬಳಿ ಬಿಟ್ಟದ್ದೂ ನಾನೇ ಎಂದು ಹೇಳಿದೆ. ಅವರು ಎದ್ದು ಅಂಗಳಕ್ಕೆ ಇಳಿದು ಅಲ್ಲಿಂದಲೇ ಕೇಳಿದರು.

"ಬ್ಯಾರೆಯವ್ರ್ ಕೇಸ್ ಹಾಕಿರೆ ಬೇಜಾರಿಲ್ಲೆ. ಮನೆ ಹೆಣ್ಣೇ ಕೋರ್ಟಿನ್ ಬಾಗ್ಲ್ ತೋರ್ಸಿದ್ ಅಲ್ದಾ?"

ಮಾರಾಟಕ್ಕೆ ತಾತ್ಕಾಲಿಕ ತಡೆಯಾಜ್ಞೆ ಬಂತು. ಅಪ್ಪಯ್ಯ ನನ್ನೊಡನೆ ಮಾತು ಬಿಟ್ಟರು. ನಾನು ಆಗ ಕುಂದಾಪುರದಲ್ಲೇ ಇರುತ್ತಿದ್ದೆ. ಭಾನುವಾರ ಹೋದರೆ ಅವರು ಪ್ಲಾಂಟಿನ ಕಡೆ ಎದ್ದು ಹೋಗುತ್ತಿದ್ದರು. ಅಮ್ಮ ಇಬ್ಬರ ನಡುವೆ ಮಾತು ಸಾಗಿಸಿ ಸೋತರು. ಕೇರಿಯಲ್ಲಿ ಹೋಗುವಾಗ ಹೆಂಗಸರೂ ಮುಖ ತಿರುಗಿಸುತ್ತಿದ್ದರು. ಎಲ್ಲರಿಗೂ ನ್ಯಾಯವಾಗಿ ನಡೆದುಕೊಂಡೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಆ ಮಳೆಗಾಲದಲ್ಲಿ ನನ್ನನ್ನು ಊಟಕ್ಕೆ ಏಳು ಎಂದು ಕರೆಯುವವರು ಅಮ್ಮ ಒಬ್ಬರೇ ಉಳಿದಿದ್ದರು.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಆಫೀಸಿನ ಒಳಗೆ ಕಕ್ಷಿದಾರರೊಡನೆ ಇದ್ದೆ. ಬಾಗಿಲ ಸಂದಿಯಲ್ಲಿ ಹೊರಗಿನ ಬೆಂಚು ಕಾಣಿಸಿತು. ಅಪ್ಪಯ್ಯ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೊಡೆ. ಇಷ್ಟು ವರ್ಷದಲ್ಲಿ ಅವರು ನನ್ನ ಆಫೀಸಿಗೆ ಬಂದದ್ದು ಅದೇ ಮೊದಲು. ಓಡಿ ಹೋಗಿ ಒಳಗೆ ಕರೆದೆ.

"ಬ್ಯಾಡ. ಮುಂಚೆ ಬಂದವ್ರ್ ಇದ್ರ್. ನನ್ ಸರ್ತಿ ಬಂದಾಗ ಬತ್ತೆ" ಎಂದರು.

ಅವರ ಸರದಿ ಬಂತು. ಎದುರಿನ ಕುರ್ಚಿಯಲ್ಲಿ ಕೂತು, ಕಪಾಟಿನ ಪುಸ್ತಕಗಳನ್ನು ನೋಡಿದರು.

"ವಕೀಲ್ರೆ, ಒಂದ್ ಸಲಹೆ ಬೇಕಿದ್ದಿತ್."

"ಅಪ್ಪಯ್ಯ, ಈ ವಿಷಯದಂಗೆ ನಾ ವಕೀಲೆ ಆಪುಕೆ ಆತಿಲ್ಲೆ."

"ಹಾಂಗಾರೆ ಮಗಳತ್ರ ಕೇಂಬುಕೆ ಆತ್ತಾ?"

ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಕಕ್ಷಿದಾರರನ್ನು ಕೇಳುವಂತೆಯೇ ಕೇಳಿದೆ, "ನಿಮ್ಗೆ ಎಂತ ಬೇಕ್, ಅಪ್ಪಯ್ಯ?"

ಅವರು ಕೊಡೆಯ ಹಿಡಿಕೆಯನ್ನು ತಿರುಗಿಸುತ್ತಾ ಕೂತರು. "ಪ್ಲಾಂಟಿನ್ ಬಾಗ್ಲ್ ಹಾಕ್ಕ್. ಪ್ರಾಯ ಆಯ್ತ್, ನಂಗೆ ಇನ್ ಎಡಿತಿಲ್ಲೆ. ಆರೆ ಶೀನ ಕೇರಿಯವ್ರಿಗೆ ಕೈ ಕೊಟ್ಟ್ ಹೋದ ಅಂಬುಕಾಗ. ಅಷ್ಟೇ."

"ಅದನ್ನೇ ಮುತ್ತಕ್ಕನತ್ರ ಹೇಳಿ."

"ಅವ್ಳ್ ಕೋರ್ಟಿಗ್ ಹೋಯ್ದ್ಲಲೆ."

"ಕೋರ್ಟಿಗ್ ಹೋದವ್ರ್ ಮಾತಾಡುಕಾಗ ಅಂತ ಎಲ್ಲೂ ಇಲ್ಲೆ."

ಮುಂದಿನ ವಾರ ಅಪ್ಪಯ್ಯ, ಮುತ್ತಕ್ಕ ಇಬ್ಬರೂ ಪ್ಲಾಂಟಿನ ಹಂಚಿನ ಮಾಡಿನ ಕೆಳಗೆ ಕೂತರು. ನಾನು ದೂರದಲ್ಲಿ ನಿಂತಿದ್ದೆ, ಬಾಯಿ ಬಿಡುವುದಿಲ್ಲ ಎಂದು ಮೊದಲೇ ಹೇಳಿ. ಹೆಂಗಸರ ವಕೀಲರೂ ಬಂದಿದ್ದರು. ಮುತ್ತಕ್ಕ ಮೊದಲು ಸಿಟ್ಟಿನಲ್ಲಿ ಇದ್ದದ್ದನ್ನೆಲ್ಲ ಹೇಳಿದಳು. ಅಪ್ಪಯ್ಯ ಬೈಯಲಿಲ್ಲ, ನಗಿಸಲೂ ಇಲ್ಲ. ತೆಂಗಿನ ಗರಿಯ ಕಡ್ಡಿ ಹಿಡಿದು ನೆಲದ ಮೇಲೆ ಜಾಗದ ಗೆರೆ ಎಳೆದರು.

"ರಸ್ತೆ ಬದಿ ನಿಮ್ಗೆ ಬಿಟ್ಟ್ ಕೊಟ್ರೆ ಆತ್ತಾ?" ಎಂದರು.

ಹೆಂಗಸರ ವಕೀಲರಿಗೆ ಅದು ಒಳ್ಳೆಯ ರಾಜಿ ಎನ್ನಿಸಿತು. ತಲೆಯಾಡಿಸಿದರು. ಅಷ್ಟರಲ್ಲಿ ಅಪ್ಪಯ್ಯನೇ ಕಡ್ಡಿಯನ್ನು ಎತ್ತಿದರು.

"ಬ್ಯಾಡ. ಪಡುಬದಿಗೆ ಅವ್ರ್ ಮಾಳಿಗೆ ಕಟ್ಟಿರೆ ಮಧ್ಯಾಹ್ನದ್ ಮೇಲೆ ನಿಮ್ ಮೀನಿಗೆ ಬಿಸ್ಲ್ ಬತ್ತಿಲ್ಲೆ. ಕೊಳೆತ್ ಹೋತ್ತ್."

"ಅದೇ ನಾ ಹೇಳೂಕೆ ಬಂದದ್" ಎಂದಳು ಮುತ್ತಕ್ಕ. ದನಿ ಮೊದಲ ಸಲ ಇಳಿದಿತ್ತು.

"ಹಾಂಗಾರೆ ಕಡಲ್ ಬದಿಯೇ ನಿಮ್ಗೆ. ಹೋಪುಕೆ ಬಪ್ಪುಕೆ ದಾರಿಯೂ ಸೇರಿ. ರಿಜಿಸ್ಟ್ರಿ ಮಾಡ್ಸಿ ಕೊಡ್ತೆ."

"ಮತ್ತೆ ನಿನ್ ರೆಸಾರ್ಟ್‌ನವ?"

"ಕಡಲಿಲ್ದಿದ್ ಜಾಗ ಅವ್ನಿಗೆಂತಕೆ? ಅವ ಹೋತ."

ಅವನು ಹೋದ. ಹೆಂಗಸರು ಕೇಸು ಹಿಂದೆಗೆದುಕೊಂಡರು. ಪ್ಲಾಂಟಿನ ಕಟ್ಟಡವನ್ನು ಕೋಟೇಶ್ವರದ ಒಬ್ಬರು ತೆಂಗಿನಕಾಯಿ ಗೋದಾಮಿಗೆಂದು ಬಹಳ ಕಡಿಮೆಗೆ ಕೊಂಡರು. ಕಾಗದ ಬರೆದದ್ದು ಬೇರೆ ವಕೀಲರು. ಯಂತ್ರಗಳನ್ನು ಬಿಚ್ಚುವ ದಿನ ಅಪ್ಪಯ್ಯ ಅಲ್ಲಿಗೆ ಹೋಗಲಿಲ್ಲ.

ಆಮೇಲೆ ಅವರಿಗೊಂದು ಹೊಸ ಅಭ್ಯಾಸವಾಯಿತು. ವಾರದಲ್ಲಿ ಒಂದೆರಡು ದಿನ ಬಸ್ಸು ಹತ್ತಿ ಕುಂದಾಪುರಕ್ಕೆ ಬಂದು, ಕೋರ್ಟು ಹಾಲಿನ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಮಧ್ಯಾಹ್ನ ಇಬ್ಬರೂ ಹೋಟೆಲಿನಲ್ಲಿ ಊಟ ಮಾಡುವಾಗ, ಎದುರು ವಕೀಲರು ಯಾವಾಗ ಹೆದರಿದರು, ನಾನು ಎಲ್ಲಿ ಅವಸರ ಮಾಡಿದೆ ಎಂದು ಹೇಳುತ್ತಿದ್ದರು. ಕಾನೂನು ಅವರಿಗೆ ತಿಳಿಯುತ್ತಿರಲಿಲ್ಲ. ಉಳಿದದ್ದು ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು.

ಒಂದು ದಿನ ಊಟ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆವು. ನನಗೆ ಬಹಳ ವರ್ಷಗಳಿಂದ ಕೇಳಬೇಕಾಗಿದ್ದದ್ದನ್ನು ಕೇಳಿದೆ.

"ಅಪ್ಪಯ್ಯ, ನಾ ಆ ವರ್ಷ ಪ್ಲಾಂಟಂಗೇ ಉಳ್ದಿದ್ರೆ, ಅದ್ ಉಳೀತಿತ್ತಾ?"

ಇಲ್ಲ ಮಗಾ, ಕಾಲವೇ ಹಾಗಿತ್ತು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ನಿಂತು ಯೋಚಿಸಿದರು. ಬೆಲೆ ಕೂಗುವ ಮೊದಲು ಬುಟ್ಟಿಯನ್ನು ನೋಡುತ್ತಿದ್ದಂತೆಯೇ ನನ್ನನ್ನು ನೋಡಿದರು.

"ಉಳೀತಿತ್ತ್" ಎಂದರು. "ನೀ ಇದ್ದಿದ್ರೆ ಅದ್ ದೊಡ್ಡದೂ ಆತಿತ್ತ್."

ಅದು ನಿಜವೆಂದು ನನಗೂ ಗೊತ್ತಿತ್ತು. ಬೈಂದೂರು ಬಸ್ಸು ಬಂತು. ಅವರು ಮೆಟ್ಟಿಲಿಗೆ ಕಾಲಿಟ್ಟು, ಕಂಬಿ ಹಿಡಿದು, ಹಿಂದೆ ತಿರುಗಿ ಕೇಳಿದರು:

"ನಾಳೆ ನಿಂದ್ ಯಾವ ಕೇಸ್ ಇತ್ತ್? ಹೊತ್ತಿಗ್ ಬತ್ತೆ."